ವಿಮಾನಾವತರಣವೂ ಕರತಾಡನವೂ

ವಿಮಾನವು ಆಕಾಶಮಾರ್ಗವನ್ನು ಮುಗಿಸಿ ಕೆಳಕ್ಕಿಳಿದು, ಅದರ ಗಾಲಿಗಳು ರನ್‌ವೇ ಎಂಬ ಓಡುದಾರಿಯನ್ನು ಮುಟ್ಟಿದ ಕೂಡಲೆ, ಒಳಗೆ ಕುಳಿತವರು ಚಪ್ಪಾಳೆ ತಟ್ಟುವ ವಾಡಿಕೆಯೊಂದು ಲೋಕದಲ್ಲಿ ರೂಢಿಗೆ ಬಂದಿದೆ. ಇಟಲಿ, ಪೋಲೆಂಡ್, ರಷ್ಯ, ಇಸ್ರೇಲ್ ಮೊದಲಾದ ದೇಶಗಳವರ ವಿಷಯದಲ್ಲಿ ಇದು ಹೆಸರಾದ ಮಾತು. ನ್ಯೂಯಾರ್ಕಿನಿಂದ ಪೋರ್ಟೊ ರಿಕೊ ದ್ವೀಪಕ್ಕೆ ಮರಳುವವರಂತೂ ಇದನ್ನು ತಮ್ಮ ಕುಲಾಚಾರವೆಂಬಂತೆ ನಡೆಸುತ್ತಾರೆ. ಭರತಖಂಡದಲ್ಲಿ ಇದು ಎಲ್ಲ ವಿಮಾನಗಳಲ್ಲಿಯೂ ಕಾಣುವುದಲ್ಲ. ಕೊಲ್ಲಿಯ ದೇಶಗಳಲ್ಲಿ ಎರಡು ಮೂರು ವರ್ಷ ದುಡಿದು ಊರಿಗೆ ಹಿಂದಿರುಗುವವರು, ಮೊದಲ ಸಲ ವಿಮಾನವೇರಿದ ಯಾತ್ರಿಕರು, ದಾರಿಯಲ್ಲಿ ಬಿರುಗಾಳಿಗೆ ಸಿಕ್ಕಿ ತತ್ತರಿಸಿದವರು, ಇಂಥವರು ಕುಳಿತಿದ್ದಲ್ಲಿ ಅದು ಕೇಳಿಬರುತ್ತದೆ. ತಿಂಗಳಿಗೆ ನಾಲ್ಕು ಸಲ ಹಾರುವ ವ್ಯವಹಾರಸ್ಥರು ಅದನ್ನು ಕೇಳಿ ಮುಗುಳ್ನಗುವುದೂ, ಹಳ್ಳಿಗರ ನಡವಳಿಕೆಯೆಂದು ಮುಖ ತಿರುಗಿಸುವುದೂ ಉಂಟು. ಆ ನಗೆಯು ಎಷ್ಟರ ಮಟ್ಟಿಗೆ ಯುಕ್ತವಾದುದು ಎಂಬುದನ್ನು ನಿರ್ಣಯಿಸಬೇಕಾದರೆ, ಈ ಆಚಾರದ ಮೂಲವನ್ನು ಸ್ವಲ್ಪ ಶೋಧಿಸುವುದು ಅವಶ್ಯಕ.

ಮೊದಲನೆಯ ತೊಡಕು ಇದು: ಈ ಚಪ್ಪಾಳೆ ಯಾರನ್ನು ಕುರಿತದ್ದು? ನಾಟಕಶಾಲೆಯಲ್ಲಿ ಕೈ ತಟ್ಟಿದರೆ ನಟನಿಗೆ ಕೇಳಿಸುತ್ತದೆ. ಸಭೆಯಲ್ಲಿ ತಟ್ಟಿದರೆ ಉಪನ್ಯಾಸಕನಿಗೆ ಕೇಳಿಸುತ್ತದೆ. ವಿಮಾನದ ಚಾಲಕನೋ ಮುಂದಿನ ಕಿರುಕೋಣೆಯಲ್ಲಿ ಕಿವಿಗೆ ಯಂತ್ರವನ್ನು ತೊಟ್ಟು, ನಿಲ್ದಾಣದ ಅಧಿಕಾರಿಗಳ ಮಾತಿಗೆ ಉತ್ತರ ಕೊಡುತ್ತ, ಎಂಜಿನುಗಳ ಬಲವನ್ನು ಹಿಮ್ಮುಖವಾಗಿ ತಿರುಗಿಸಿ ಬ್ರೇಕನ್ನು ಒತ್ತುತ್ತ ಇರುತ್ತಾನೆ. ೨೦೦೧ನೆಯ ಸೆಪ್ಟೆಂಬರಿನಲ್ಲಿ ಅಮೆರಿಕೆಯಲ್ಲಿ ನಡೆದ ಅನಾಹುತದ ತರುವಾಯ ಆ ಕೋಣೆಯ ಬಾಗಿಲನ್ನು ಗುಂಡಿಗೂ ಕೊಡಲಿಗೂ ಜಗ್ಗದಂತೆ ಬಲಪಡಿಸಿ, ಹಾರಾಟದ ಕಾಲದಲ್ಲೆಲ್ಲ ಬೀಗ ಹಾಕಿರುವ ಕಟ್ಟಳೆ ಆಗಿದೆ. ಹೀಗಿರಲು ಪ್ರಯಾಣಿಕರ ಕರತಾಡನವು ಯಾರಿಗಾಗಿ ಮಾಡಿದ್ದೋ ಅವನ ಕಿವಿಗೆ ಬೀಳುವುದು ಅಪರೂಪ. ಕೇಳದವನಿಗಾಗಿ ಕೈ ತಟ್ಟುವುದು ಬರಿಯ ಪ್ರಶಂಸೆಯಾಗಲಾರದು. ಅದು ಬೇರೆ ಯಾವುದೋ ಆಗಿರಬೇಕು.

ಕೈ ತಟ್ಟುವುದು ಕನ್ನಡನಾಡಿಗೆ ಹೊಸದಲ್ಲ. ಮೆಚ್ಚಿ ಕೈ ತಟ್ಟುವುದು ಮಾತ್ರ ತಕ್ಕಮಟ್ಟಿಗೆ ಹೊಸದು. ಭಜನೆಯಲ್ಲಿ ತಟ್ಟುವುದು ತಾಳಕ್ಕಾಗಿ. ಹೊಲದಲ್ಲಿ ತಟ್ಟುವುದು ಹಕ್ಕಿಯನ್ನೆಬ್ಬಿಸುವುದಕ್ಕಾಗಿ. ಮನೆಯ ಯಜಮಾನನು ತಟ್ಟುತ್ತಿದ್ದುದು ಆಳನ್ನು ಕರೆಯುವುದಕ್ಕಾಗಿ. ಬೀದಿಯ ಹುಡುಗರು ತಟ್ಟುವುದು ಬಿದ್ದವನನ್ನು ಹಾಸ್ಯಮಾಡುವುದಕ್ಕಾಗಿ. ಕಾಳಿದಾಸನ ಮೇಘಸಂದೇಶದಲ್ಲಿ ಯಕ್ಷನ ಪ್ರಿಯೆಯು ಬಳೆಗಳು ನುಡಿಯುವಂತೆ ಕೈತಟ್ಟಿ ನವಿಲನ್ನು ಕುಣಿಸುತ್ತಾಳೆ. ಅದೂ ತಾಳವೇ ಹೊರತು ನವಿಲಿಗೆ ಕೊಟ್ಟ ಬಹುಮಾನವಲ್ಲ. ಪ್ರೇಕ್ಷಕರ ಮೆಚ್ಚುಗೆಯ ಲಕ್ಷಣಗಳನ್ನು ಭರತಮುನಿಯು ನಾಟ್ಯಶಾಸ್ತ್ರದ ೨೭ನೆಯ ಅಧ್ಯಾಯದಲ್ಲಿ ಸವಿಸ್ತಾರವಾಗಿ ಎಣಿಸಿದ್ದಾನೆ. ಮಾತಿನಿಂದ ತೋರುವ ಸಿದ್ಧಿ, ಶರೀರದಿಂದ ತೋರುವ ಸಿದ್ಧಿ ಎಂದು ಅವನದು ಎರಡು ವಿಭಾಗ. ಮುಗುಳ್ನಗೆ, ನಗೆ, ಸಾಧು ಎಂಬ ಉದ್ಗಾರ, ಅಹೋ ಎಂಬ ಬೆರಗು, ಕಷ್ಟ ಎಂಬ ಮರುಕ, ಸಭೆಯೆಲ್ಲ ಒಂದಾಗಿ ಮಾಡುವ ಘೋಷ, ಇವು ಮೊದಲನೆಯವು. ರೋಮಾಂಚ, ಆಸನದಿಂದ ಎದ್ದು ನಿಲ್ಲುವುದು, ಮೈಮೇಲಿನ ವಸ್ತ್ರವನ್ನು ಕೊಡುವುದು, ಬೆರಳುಗಳನ್ನು ಆಡಿಸುವುದು, ಇವು ಎರಡನೆಯವು. ಅಂಗೈಗೆ ಅಂಗೈ ತಾಗಿಸಿ ಸದ್ದು ಮಾಡುವುದಕ್ಕೆ ಈ ಎಣಿಕೆಯಲ್ಲಿ ಪ್ರಾಧಾನ್ಯವಿಲ್ಲ. ಇವೆಲ್ಲಕ್ಕೂ ಮೇಲಾದುದು ದೈವೀ ಸಿದ್ಧಿ. ರಂಗವು ಕಿಕ್ಕಿರಿದಿದ್ದರೂ ಸದ್ದಿಲ್ಲದೆ, ಕ್ಷೋಭೆಯಿಲ್ಲದೆ, ಉತ್ಪಾತವಿಲ್ಲದೆ ಪ್ರಯೋಗವು ನೆರವೇರಿದರೆ ಅದು ದೈವೀ ಸಿದ್ಧಿ ಎನಿಸುವುದು. ವಿಮಾನದಲ್ಲಿ ಮೌನವಾಗಿ ಕುಳಿತ ಅನುಭವಸ್ಥರು ಈ ಲಕ್ಷಣವನ್ನು ತಮ್ಮ ಪಕ್ಷಕ್ಕೆ ಪ್ರಮಾಣವಾಗಿ ಎತ್ತಿಕೊಳ್ಳಬಹುದು. ಆದರೆ ಭರತನು ಹೇಳಿದ ಮೌನ ರಸದಿಂದ ಹುಟ್ಟಿದುದು. ಇವರದು ಮೊಬೈಲು ಯಂತ್ರದ ಗಾಜಿನಲ್ಲಿ ದೃಷ್ಟಿ ನೆಟ್ಟುದರಿಂದ ಹುಟ್ಟಿದುದು.

ಕರತಾಡನವನ್ನು ಒಂದು ವಿದ್ಯೆಯನ್ನಾಗಿ ಬೆಳಸಿದವರು ಪ್ರಾಚೀನ ರೋಮಕರು. ಆಗಸ್ಟಸ್ ಚಕ್ರವರ್ತಿಯು ಕ್ರಿಸ್ತಶಕ ೧೪ರಲ್ಲಿ ಮರಣಶಯ್ಯೆಯಲ್ಲಿದ್ದಾಗ, ತಾನು ಜೀವಿತವೆಂಬ ನಾಟಕವನ್ನು ಚೆನ್ನಾಗಿ ಅಭಿನಯಿಸಿದ್ದರೆ ಕೈ ತಟ್ಟಿ ಬೀಳ್ಕೊಡಿರೆಂದು ಮಿತ್ರರನ್ನು ಕೇಳಿದನೆಂದು ಸುಯೆಟೋನಿಯಸ್ ಎಂಬ ಚರಿತ್ರಕಾರನು ಬರೆದಿದ್ದಾನೆ. ಗಾನದ ಹುಚ್ಚಿದ್ದ ನೀರೋ ಚಕ್ರವರ್ತಿಯು ತನ್ನ ಹಾಡಿಗೆ ಚಪ್ಪಾಳೆ ತಟ್ಟುವುದಕ್ಕೆಂದೇ ಐದು ಸಾವಿರಕ್ಕೂ ಮಿಕ್ಕ ತರುಣರನ್ನು ನೇಮಿಸಿ, ಜೇನ್ನೊಣಗಳ ಮೊರೆತದಂತೆ ಒಂದು ಬಗೆ, ಮಾಡಿನ ಹೆಂಚಿನಂತೆ ಒಂದು ಬಗೆ, ಮಡಕೆಯ ಓಡಿನಂತೆ ಒಂದು ಬಗೆ, ಹೀಗೆ ಮೂರು ಪರಿಯ ತಾಡನವನ್ನು ಕಲಿಸಿದ್ದನೆಂಬ ವೃತ್ತಾಂತವೂ ಆ ಗ್ರಂಥದಲ್ಲಿಯೇ ಇದೆ.

ಯೂರೋಪಿನ ಈ ಪದ್ಧತಿ ಇಂಗ್ಲಿಷರ ಸಭೆಗಳ ಮೂಲಕ ಮೈಸೂರು ಸಂಸ್ಥಾನಕ್ಕೆ ಬಂದಿತು. ‘ದೀರ್ಘ ಕರತಾಡನ’ ಎಂಬ ಮಾತು ವೃತ್ತಪತ್ರಿಕೆಗಳ ಸಭಾವರದಿಗಳಲ್ಲಿ ನೆಲೆಗೊಂಡಿತು. ಜನಸಾಮಾನ್ಯರ ಕೈಗೆ ಅದು ಬಂದುದು ಮಾತ್ರ ಸಭೆಗಳಿಂದಲ್ಲ, ಕಂಪೆನಿ ನಾಟಕಗಳಿಂದ. ದಾವಣಗೆರೆಗೆ ಇದರಲ್ಲಿ ಸಲ್ಲಬೇಕಾದ ಪಾಲು ದೊಡ್ಡದು. ೧೯೨೮ರಲ್ಲಿ ಚಿಂದೋಡಿ ವೀರಪ್ಪನವರು ಈ ಊರಿನಲ್ಲಿ ಕಟ್ಟಿದ ಶ್ರೀ ಗುರು ಕರಿಬಸವರಾಜೇಂದ್ರ ನಾಟಕ ಸಂಘವು ನಾಡಿನ ಜಾತ್ರೆ ಪರಿಷೆಗಳಲ್ಲೆಲ್ಲ ಡೇರೆ ಹಾಕಿತು. ಅವರ ಮಗಳು ಚಿಂದೋಡಿ ಲೀಲಾ ಅವರ ಹೆಸರು ಅರಿಯದ ಮನೆ ಈ ಸೀಮೆಯಲ್ಲಿ ಅಪರೂಪ. ಎರಡಾಣೆಯ ಚೀಟಿ ಕೊಂಡು ನೆಲದ ಮೇಲೆ ಕುಳಿತ ಗಾಡಿ ಹೊಡೆಯುವವನೂ ಹತ್ತಿಯ ಗಿರಣಿಯ ಕೆಲಸಗಾರನೂ ಒಂದು ಹಾಡು ಮನಸ್ಸಿಗೆ ಹಿಡಿದರೆ ಚಪ್ಪಾಳೆ ತಟ್ಟಿ ‘ಒನ್ಸ್ ಮೋರ್’ ಎಂದು ಕೂಗುವುದನ್ನು ಕಲಿತದ್ದು ಇಂಥ ಡೇರೆಗಳಲ್ಲಿ. ಸತ್ತು ಬಿದ್ದ ಪಾತ್ರವು ಎದ್ದು ನಿಂತು ಮರಳಿ ಹಾಡಿ ಮರಳಿ ಸಾಯುತ್ತಿದ್ದ ಕಾಲವದು. ವಿಮಾನದಿಂದ ಇಳಿಯುವಾಗ ಮಾತ್ರ ಎಷ್ಟು ಉತ್ಸಾಹ ಉಕ್ಕಿದರೂ ‘ಒನ್ಸ್ ಮೋರ್’ ಎಂದು ಕೂಗಿದವನು ಯಾವ ದೇಶದಲ್ಲಿಯೂ ಇರಲಾರನು. ನಾಟಕಶಾಲೆಯ ಚಪ್ಪಾಳೆಗೂ ಇದಕ್ಕೂ ಇರುವ ಅಂತರವು ಇಷ್ಟರಿಂದಲೇ ಸ್ಪಷ್ಟವಾಗುತ್ತದೆ. ಅಲ್ಲಿ ‘ಇನ್ನೂ ಬೇಕು’ ಎಂಬ ಭಾವ. ಇಲ್ಲಿ ‘ಸದ್ಯ, ಮುಗಿಯಿತು’ ಎಂಬ ಭಾವ.

ಹಾಗಾದರೆ ಆ ಭಾವಕ್ಕೆ ಚಪ್ಪಾಳೆಯೇ ಏಕೆ ವಾಹನವಾಗಬೇಕು? ಉತ್ತರವು ಪ್ರಯಾಣಿಕನ ಸೊಂಟದ ಪಟ್ಟಿಯಲ್ಲಿದೆ. ಅವನು ಎದ್ದು ನಿಲ್ಲುವಂತಿಲ್ಲ. ಭರತನು ಹೇಳಿದ ಅಭ್ಯುತ್ಥಾನಕ್ಕೆ ಅಲ್ಲಿ ನಿಷೇಧವಿದೆ. ಸಾಷ್ಟಾಂಗ ಬೀಳುವುದಕ್ಕೆ ಸ್ಥಳವಿಲ್ಲ. ಕಾಯಿ ಒಡೆಯುವುದಕ್ಕೆ, ಕರ್ಪೂರ ಹಚ್ಚುವುದಕ್ಕೆ ಎಡೆಯಿಲ್ಲ. ಪಕ್ಕದವನು ಯಾವ ಭಾಷೆಯವನೋ ತಿಳಿಯದು. ಬಿಡುವಾಗಿ ಉಳಿದ ಅವಯವಗಳೆಂದರೆ ಎರಡು ಕೈಗಳು. ಎಲ್ಲರಿಗೂ ಅರ್ಥವಾಗುವ ನುಡಿಯೆಂದರೆ ಅವುಗಳ ಸದ್ದು. ಒಬ್ಬನು ತೊಡಗಿದರೆ ಅದು ಸಾಲಿನಿಂದ ಸಾಲಿಗೆ ಹಬ್ಬುತ್ತದೆ. ಸಭೆಗಳಲ್ಲಿ ಚಪ್ಪಾಳೆಯು ಅಂಟುರೋಗದಂತೆ ಹರಡುವುದೆಂದೂ, ಉಪನ್ಯಾಸದ ಗುಣಕ್ಕಿಂತ ಎಷ್ಟು ಮಂದಿ ಆಗಲೇ ತಟ್ಟುತ್ತಿದ್ದಾರೆಂಬುದೇ ಮುಖ್ಯ ಕಾರಣವೆಂದೂ ಸ್ವೀಡನ್ ದೇಶದ ಉಪ್ಸಾಲಾ ವಿಶ್ವವಿದ್ಯಾಲಯದ ವಿದ್ವಾಂಸರು ೨೦೧೩ರಲ್ಲಿ ತೋರಿಸಿದ್ದಾರೆ.

ಆಕಾಶದಿಂದ ಇಳಿದವರನ್ನು ಸಂಭ್ರಮದಿಂದ ಎದುರುಗೊಳ್ಳುವ ವರ್ಣನೆಗಳಿಗೆ ಆದಿಕಾವ್ಯವೇ ಆಕರ. ಹನುಮಂತನು ಲಂಕೆಯಿಂದ ಸಮುದ್ರವನ್ನು ಹಾರಿ ಮಹೇಂದ್ರಪರ್ವತಕ್ಕೆ ಮರಳುವಾಗ, ಅವನ ಗರ್ಜನೆಯನ್ನು ದೂರದಿಂದಲೇ ಕೇಳಿ ಜಾಂಬವಂತನು ಕಾರ್ಯಸಿದ್ಧಿಯನ್ನು ಊಹಿಸುತ್ತಾನೆ. ಕಪಿಗಳು ಮರದಿಂದ ಮರಕ್ಕೆ ನೆಗೆದು, ಹೂಬಿಟ್ಟ ಕೊಂಬೆಗಳನ್ನು ಬಟ್ಟೆ ಬೀಸಿದಂತೆ ಬೀಸುತ್ತವೆ. ಅವನು ಇಳಿಯುವುದನ್ನು ಕಂಡೊಡನೆ ಕೈಮುಗಿದು ನಿಲ್ಲುತ್ತವೆ. ಬಳಿಕ ಗೆಡ್ಡೆ ಹಣ್ಣುಗಳನ್ನು ತಂದು ಒಪ್ಪಿಸುತ್ತವೆ. ಯುದ್ಧಕಾಂಡದ ಕೊನೆಯಲ್ಲಿ ಪುಷ್ಪಕವು ಕಾಣಿಸಿಕೊಂಡಾಗ ಅಯೋಧ್ಯೆಯ ಸ್ತ್ರೀಬಾಲವೃದ್ಧರ ಹರ್ಷಧ್ವನಿ ಮುಗಿಲು ಮುಟ್ಟುತ್ತದೆ, ಜನರು ಆನೆ ಕುದುರೆ ರಥಗಳಿಂದ ಇಳಿದು ನಿಲ್ಲುತ್ತಾರೆ, ಭರತನು ಕೈಮುಗಿಯುತ್ತಾನೆ. ಈ ಎರಡು ಸನ್ನಿವೇಶಗಳಲ್ಲಿಯೂ ಸಂಭ್ರಮವು ನೆಲದ ಮೇಲೆ ಕಾದಿದ್ದವರದು. ಪುಷ್ಪಕದ ಒಳಗಿದ್ದವರು ಮಾಡಿದ್ದೇನೆಂದರೆ, ಅಯೋಧ್ಯೆಯು ಕಾಣುತ್ತಲೇ ವಾನರರೂ ವಿಭೀಷಣನೂ ಮೇಲಕ್ಕೆ ನೆಗೆನೆಗೆದು ಆ ಪುರಿಯನ್ನು ನೋಡಿದರಂತೆ. ಗಾಲಿ ನಿಲ್ಲುವ ಮೊದಲೇ ಎದ್ದು ಮೇಲಿನ ಗೂಡಿನಿಂದ ಗಂಟುಮೂಟೆ ಇಳಿಸಿಕೊಳ್ಳುವ ಇಂದಿನವರ ಆತುರಕ್ಕೆ ಇದನ್ನು ಪೂರ್ವಾಚಾರವೆಂದು ಹೇಳಬಹುದೋ ಏನೋ. ವಿಮಾನವೆಂಬ ಪದವು ದೇವಾಲಯದ ಗರ್ಭಗುಡಿಯ ಮೇಲಣ ಶಿಖರಕ್ಕೂ ಸಲ್ಲುವುದರಿಂದ, ಹೊಯ್ಸಳ ನರಸಿಂಹನ ದಂಡನಾಯಕನಾದ ಪೋಲಾಳ್ವನು ೧೨೨೪ರ ಸುಮಾರಿನಲ್ಲಿ ಹರಿಹರೇಶ್ವರ ದೇವಾಲಯವನ್ನು ಕಟ್ಟಿಸಿದಂದಿನಿಂದ ಹರಿಹರದವರಿಗೆ ಇಳಿಯದ, ಏರದ ವಿಮಾನವೊಂದು ಕಣ್ಣೆದುರಿಗೇ ಇದೆ.

ಈಚಿನ ಯಂತ್ರವಿಮಾನದ ಚರಿತ್ರೆಯಲ್ಲಿಯೂ ಮೊದಮೊದಲು ಕೈ ತಟ್ಟಿದವರು ನೋಡುವವರೇ. ೧೯೦೩ರ ಡಿಸೆಂಬರ್ ೧೭ರಂದು ರೈಟ್ ಸಹೋದರರ ಯಂತ್ರವು ಮೊದಲ ಸಲ ೧೨ ಸೆಕೆಂಡು ಹಾರಿ ೧೨೦ ಅಡಿ ಸಾಗಿದಾಗ ಸಾಕ್ಷಿಗಳಿದ್ದವರು ಐದೇ ಮಂದಿ. ೧೯೦೮ರ ಆಗಸ್ಟಿನಲ್ಲಿ ಫ್ರಾನ್ಸಿನ ಲ ಮಾನ್ ನಗರದ ಬಳಿ ವಿಲ್ಬರ್ ರೈಟನು ಎರಡು ನಿಮಿಷಕ್ಕೂ ಕಡಿಮೆ ಕಾಲ ಹಾರಿ ಇಳಿದಾಗ ಕುದುರೆಯ ಜೂಜಿನ ಮೈದಾನದಲ್ಲಿ ನೆರೆದವರು ಹುಚ್ಚೆದ್ದು ಕುಣಿದರು. ೧೯೨೭ರ ಮೇ ೨೧ರ ರಾತ್ರಿ ಲಿಂಡ್‌ಬರ್ಗ್ ಅಟ್ಲಾಂಟಿಕ್ ಸಮುದ್ರವನ್ನು ಒಬ್ಬನೇ ಮೂವತ್ತಮೂರೂವರೆ ಗಂಟೆಗಳಲ್ಲಿ ದಾಟಿ ಪ್ಯಾರಿಸ್ಸಿನಲ್ಲಿ ಇಳಿದಾಗ ಲಕ್ಷಕ್ಕೂ ಮಿಕ್ಕ ಜನ ಮುತ್ತಿಕೊಂಡರು. ಕನ್ನಡನಾಡಿಗೆ ನಿಯತವಾದ ವಿಮಾನಸಂಚಾರವು ಬಂದುದು ಟಪಾಲಿನ ರೂಪದಲ್ಲಿ. ೧೯೩೨ರ ಅಕ್ಟೋಬರ್ ೧೫ರಂದು ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಮುಂಬಯಿಗೆ ತಂದ ಅಂಚೆಯನ್ನು ನೆವಿಲ್ ವಿನ್ಸೆಂಟರು ಮುಂದೆ ಒಯ್ದು, ಬಳ್ಳಾರಿಯಲ್ಲಿ ಇಳಿದು, ಅಲ್ಲಿಂದ ಮದರಾಸಿಗೆ ತಲುಪಿಸಿದರು. ಬಳ್ಳಾರಿಯ ಬಯಲಿನಲ್ಲಿ ಇಳಿದ ಆ ಪುಟ್ಟ ವಿಮಾನದಲ್ಲಿ ಚಪ್ಪಾಳೆ ತಟ್ಟಬಲ್ಲ ಪ್ರಯಾಣಿಕರಿರಲಿಲ್ಲ. ಇದ್ದುವು ಕಾಗದದ ಚೀಲಗಳು. ಮುಂದೆ ವಿಮಾನಗಳು ಹಿಗ್ಗಿ, ನೂರಾರು ಮಂದಿ ಒಟ್ಟಿಗೆ ಕುಳಿತು ಹೋಗುವ ಕಾಲ ಬಂದ ಮೇಲೆಯೇ ಚಪ್ಪಾಳೆಯು ನೆಲವನ್ನು ಬಿಟ್ಟು ವಿಮಾನದ ಒಳಕ್ಕೆ ಏರಿತು. ಅಲ್ಲಿ ಅದರ ಅರ್ಥವೂ ಬದಲಾಯಿತು. ಹೊರಗೆ ನಿಂತವನು ತಟ್ಟಿದರೆ ಅದು ವಿಸ್ಮಯ. ಒಳಗೆ ಕುಳಿತವನು ತಟ್ಟಿದರೆ ಅದು ಪಾರಾದವನ ಮಾತು.

ಪಾರಾದವನ ಮನಸ್ಸನ್ನು ಅರಿಯುವುದಕ್ಕೆ ಆಕಾಶವನ್ನು ನೋಡಿ ಪ್ರಯೋಜನವಿಲ್ಲ, ಹೊಳೆಯನ್ನು ನೋಡಬೇಕು. ಅದಕ್ಕೆ ಹರಿಹರಕ್ಕಿಂತ ತಕ್ಕ ಸ್ಥಳ ಸಿಕ್ಕುವುದು ಕಷ್ಟ. ದಾವಣಗೆರೆಗೆ ಸುಮಾರು ೧೪ ಕಿಲೋಮೀಟರು ದೂರದಲ್ಲಿ, ತುಂಗಭದ್ರೆಗೆ ಹರಿದ್ರಾ ಎಂಬ ಚಿಕ್ಕ ಹೊಳೆ ಕೂಡುವಲ್ಲಿರುವ ಈ ಊರಿಗೆ ಕೂಡಲೂರೆಂಬ ಹಳೆಯ ಹೆಸರೂ ಉಂಟು. ಹೊಳೆಯ ಈಚೆ ಮೈಸೂರು ಸಂಸ್ಥಾನ, ಆಚೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ, ಹೀಗೆ ತುಂಗಭದ್ರೆಯು ಬಹುಕಾಲ ಎರಡು ರಾಜ್ಯಗಳ ಮೇರೆಯಾಗಿದ್ದಿತು. ಹೈದರಾಲಿಯು ಅಪೋಜಿರಾಮನೆಂಬ ಮರಾಠ ಸರದಾರನಿಗೆ ದಾವಣಗೆರೆಯನ್ನು ಜಹಗೀರು ಕೊಟ್ಟು, ಆತನು ವರ್ತಕರನ್ನು ಕರೆದು ನೆಲೆಗೊಳಿಸಿದಂದಿನಿಂದ ಊರಿನ ವ್ಯಾಪಾರ ಬೆಳೆಯಿತು. ಬಡಗಣ ಸೀಮೆಯೊಡನೆ ಕೊಡುಕೊಳೆಯೆಂದರೆ ಹೊಳೆಯನ್ನು ದಾಟುವುದೇ. ಬೇಸಗೆಯಲ್ಲಿ ಹೊಳೆ ಬಡವಾಗಿರುವಾಗ ಗಾಡಿಗಳು ನೀರಿನಲ್ಲಿಯೇ ಇಳಿದು ಏರಬಹುದು. ಮುಂಗಾರು ಹಿಡಿದು ಮಲೆನಾಡಿನ ನೀರು ಬಂದಿತೆಂದರೆ ಹರಿಗೋಲಲ್ಲದೆ ಗತಿಯಿಲ್ಲ.

ಈ ಕಷ್ಟವು ಸೈನ್ಯಗಳನ್ನೂ ಬಿಡಲಿಲ್ಲ. ಚನ್ನಗಿರಿಯಲ್ಲಿ ಹುಟ್ಟಿ, ಟೀಪು ಸುಲ್ತಾನನ ಪತನಾನಂತರ ದಂಡು ಕಟ್ಟಿ ಮೆರೆದ ಧೋಂಡಿಯ ವಾಘನನ್ನು ಬೆನ್ನಟ್ಟಿ ಬಂದ ಆರ್ಥರ್ ವೆಲ್ಲೆಸ್ಲಿಯು ೧೮೦೦ರ ಜೂನ್ ತಿಂಗಳಲ್ಲಿ ಹರಿಹರದಲ್ಲಿ ಹೊಳೆ ದಾಟಬೇಕಾಗಿ ಬಂದಿತು. ಮುಂದೆ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಎನಿಸಿ, ವಾಟರ್ಲೂ ಕಾಳಗದಲ್ಲಿ ನೆಪೋಲಿಯನ್ನನನ್ನು ಗೆದ್ದವನು ಈತನೇ. ಮಳೆಗಾಲದ ದಂಡಯಾತ್ರೆಗೆ ಬಿದಿರಿನ ಬುಟ್ಟಿದೋಣಿಗಳನ್ನು ಸಿದ್ಧಪಡಿಸಿಕೊಳ್ಳುವ ವಿಷಯಕ್ಕೆ ಈ ಸೇನಾನಿಯ ಪತ್ರಗಳಲ್ಲಿ ಮದ್ದುಗುಂಡಿನಷ್ಟೇ ಮಹತ್ತ್ವ ದೊರೆತಿದೆ.

ಹರಿಗೋಲೆಂದರೆ ಬಿದಿರಿನ ಹೆಣಿಗೆಗೆ ತೊಗಲನ್ನು ಹೊದಿಸಿದ ದುಂಡನೆಯ ದೊಡ್ಡ ಬುಟ್ಟಿ. ಅದಕ್ಕೆ ಮುಂದು ಹಿಂದು ಎಂಬುದಿಲ್ಲ. ಅಂಬಿಗನು ಒಂದೇ ಹುಟ್ಟಿನಿಂದ ಅದನ್ನು ತಿರುಗಿಸುತ್ತ, ಪ್ರವಾಹಕ್ಕೆ ಅರ್ಧ ಒಪ್ಪಿಸಿ ಅರ್ಧ ಎದುರಿಸಿ, ಹೊರಟ ಕಡೆಗಿಂತ ಬಹಳ ಕೆಳಗೆ ಆಚೆಯ ದಡವನ್ನು ಹಿಡಿಯುತ್ತಾನೆ. ಒಳಗಿನವರು ಮಂಡಿಯನ್ನು ತಬ್ಬಿ ಅಲುಗಾಡದೆ ಕುಳಿತಿರಬೇಕು. ಒಬ್ಬನು ಎದ್ದರೆ ಎಲ್ಲರಿಗೂ ಅಪಾಯ. ದಾಟುವವನಿಗೆ ಅಲ್ಲಿ ಮಾಡುವುದಕ್ಕೆ ಏನೂ ಕೆಲಸವಿಲ್ಲ, ತನ್ನ ಪ್ರಾಣವನ್ನು ಇನ್ನೊಬ್ಬನ ತೋಳಿಗೆ ಒಪ್ಪಿಸಿ ಸುಮ್ಮನಿರುವುದೊಂದೇ. ಆ ತೋಳಿನವನೋ ಅವನಿಗೆ ಪರಿಚಿತನಲ್ಲ. ಅನೇಕ ವೇಳೆ ಅವನ ಜಗಲಿಯನ್ನು ಹತ್ತಲು ಅನುಮತಿಯಿಲ್ಲದ ಜಾತಿಯವನು. ಸೀತೆಯು ಗುಹನು ಒದಗಿಸಿದ ನಾವೆಯಲ್ಲಿ ಗಂಗೆಯ ನಡುವೆ ಕೈಮುಗಿದು, ಸುಖವಾಗಿ ಮರಳಿದರೆ ಗೋವುಗಳನ್ನೂ ವಸ್ತ್ರಾನ್ನಗಳನ್ನೂ ದಾನಮಾಡುವೆನೆಂದು ಹರಕೆ ಹೊತ್ತಳು. ತುಂಗಭದ್ರೆಯ ನಡುನೀರಿನಲ್ಲಿಯೂ ಹರಕೆಗಳು ಹೊರಲ್ಪಟ್ಟುವು. ದಡ ಮುಟ್ಟಿದ ಮೇಲೆ ಹೊಳೆಗೆ ಅರಿಶಿನ ಕುಂಕುಮ, ಕಾಸು, ಕಾಯಿ ಸಂದುವು. ಅಂಬಿಗನಿಗೆ ಸಂದದ್ದು ಅವನ ಗೊತ್ತಾದ ಕೂಲಿ. ಅದನ್ನು ಎಣಿಸಿಕೊಂಡು, ಹರಿಗೋಲನ್ನು ಬೋರಲಾಗಿ ಬೆನ್ನ ಮೇಲೆ ಹೇರಿ, ಮತ್ತೆ ಮೇಲಣ ಕಡವಿಗೆ ಅವನು ದಡದುದ್ದಕ್ಕೂ ನಡೆದು ಹೋಗಬೇಕು. ಇದೇ ಹೊಳೆಯ ದಂಡೆಯಲ್ಲಿ, ರಾಣೇಬೆನ್ನೂರು ಸೀಮೆಯಲ್ಲಿ, ಚೌಡಯ್ಯದಾನಪುರವೆಂಬ ಊರಿದೆ. ಹನ್ನೆರಡನೆಯ ಶತಮಾನದ ಶರಣನಾದ ಚೌಡಯ್ಯನು ತನ್ನ ಕುಲಕಸುಬಿನ ಹೆಸರನ್ನು ಮರೆಮಾಚದೆ ಅದನ್ನೇ ವಚನಗಳ ಅಂಕಿತವಾಗಿ ಇಟ್ಟುಕೊಂಡು ಅಂಬಿಗರ ಚೌಡಯ್ಯನೆಂದು ಪ್ರಸಿದ್ಧನಾದವನು. ಅವನ ಮಾತಿನ ಬಿರುಸನ್ನು ಬಲ್ಲವರು, ಹೊಳೆ ದಾಟಿದವರ ಉಪೇಕ್ಷೆಯನ್ನು ಅವನು ಎಷ್ಟು ಹತ್ತಿರದಿಂದ ಕಂಡಿರಬೇಕೆಂದು ಊಹಿಸಬಹುದು.

ಆ ಉಪೇಕ್ಷೆಗೆ ಭಾಷೆಯೇ ಸಾಕ್ಷಿ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬರ್ಥದ ಗಾದೆ ಕನ್ನಡದಲ್ಲಿ ನಾನಾ ರೂಪಗಳಲ್ಲಿ ಪ್ರಚುರವಾಗಿದೆ. ಅವುಗಳಲ್ಲಿ ಒಂದೆರಡು ಗೃಹಸ್ಥರೆದುರಿಗೆ ಉಚ್ಚರಿಸತಕ್ಕವಲ್ಲ. ಆಚೆಯ ದಡ ಸೇರಿದವನಿಗೆ ನಾವೆಯಿಂದೇನು ಪ್ರಯೋಜನವೆಂದು ಸಂಸ್ಕೃತದ ಸುಭಾಷಿತವೂ ಕೇಳುತ್ತದೆ. ಮನುಷ್ಯಸ್ವಭಾವವನ್ನು ಬಲ್ಲವರು ಮಾಡಿದ ಮಾತುಗಳಿವು. ಆದರೆ ದಡವನ್ನು ಮುಟ್ಟುವುದಕ್ಕೂ ಅಂಬಿಗನನ್ನು ಮರೆಯುವುದಕ್ಕೂ ನಡುವೆ ಒಂದು ಕ್ಷಣವಿದೆ. ಕಾಲು ನೆಲಕ್ಕೆ ತಾಗಿದೆ, ಎದೆಯ ಬಡಿತ ಇನ್ನೂ ಹೊಳೆಯಲ್ಲಿಯೇ ಇದೆ. ಗಾದೆಯು ಆ ಕ್ಷಣವನ್ನು ಲೆಕ್ಕಕ್ಕೆ ಹಿಡಿದಿಲ್ಲ. ವಿಮಾನದ ಚಪ್ಪಾಳೆ ಹುಟ್ಟುವುದು ಅಲ್ಲಿ. ತನ್ನ ಪ್ರಾಣವು ಒಂದು ಗಳಿಗೆಯ ಹಿಂದೆ ಅಪರಿಚಿತನೊಬ್ಬನ ಕೈಯಲ್ಲಿ ಇದ್ದಿತೆಂಬ ಅರಿವು, ಆರುವುದಕ್ಕೆ ಮೊದಲು, ಹೀಗೆ ಸದ್ದು ಮಾಡುತ್ತದೆ.

ಆ ಕ್ಷಣವು ಹೇಗೆ ಕುಗ್ಗುತ್ತ ಬರುವುದೆಂಬುದಕ್ಕೂ ಹರಿಹರದಲ್ಲಿಯೇ ನಿದರ್ಶನವಿದೆ. ೧೮೬೮ರಲ್ಲಿ ಬೆಂಗಳೂರು ಧಾರವಾಡಗಳ ಹೆದ್ದಾರಿಗೆ ಹರಿಹರದಲ್ಲಿ ಕಮಾನುಗಳ ಸೇತುವೆ ಆಯಿತು. ಮುಂದೆ ಎರಡು ದಶಕಗಳಲ್ಲಿ ರೈಲುದಾರಿ ಬಂದಿತು. ಹಿಂದೆ ಮಳೆಗಾಲದಲ್ಲಿ ದಿನಗಟ್ಟಲೆ ದಡದಲ್ಲಿ ಬೀಡುಬಿಟ್ಟು ಹೊಳೆ ಇಳಿಯುವುದನ್ನು ಕಾಯುತ್ತಿದ್ದವರ ಮಕ್ಕಳು ಬಂಡಿಯಲ್ಲಿ ಮಲಗಿಕೊಂಡೇ ಹೊಳೆಯನ್ನು ದಾಟಿದರು. ಸೇತುವೆ ಕಟ್ಟಿದ ಎಂಜಿನಿಯ ಹೆಸರನ್ನಾಗಲಿ, ಕಲ್ಲು ಹೊತ್ತ ಒಡ್ಡರ ಹೆಸರನ್ನಾಗಲಿ ಕೇಳಿದವರಿಲ್ಲ. ಭಯವು ಹೋದ ಮೇಲೆ ಹಂಗೂ ಹೋಯಿತು. ಉಳಿದದ್ದು ಒಂದು: ರೈಲು ಹೊಳೆಯ ಮೇಲೆ ಬಂದೊಡನೆ ಕಿಟಕಿಯಿಂದ ಕೈಮುಗಿಯುವುದು, ಕಾಸನ್ನು ನೀರಿಗೆ ಎಸೆಯುವುದು. ಹರಿಗೋಲಿನ ಕಾಲದ ಕಾಣಿಕೆ ಅಂಬಿಗನ ಕಸುಬಿಗಿಂತ ಹೆಚ್ಚು ಕಾಲ ಬಾಳಿತು.

ವಿಮಾನದ ಭಯವು ಹಾಗೆ ಪೂರ್ತಿಯಾಗಿ ಹೋಗಿಲ್ಲ, ಹೋಗತಕ್ಕದ್ದೂ ಅಲ್ಲ. ಆಕಾಶಯಾನದಲ್ಲಿ ಅಪಾಯವು ಸಮನಾಗಿ ಹಂಚಿಕೊಂಡಿರುವುದಿಲ್ಲ. ಪ್ರಾಣಹಾನಿಯಾದ ದುರಂತಗಳಲ್ಲಿ ಸರಿಸುಮಾರು ಅರ್ಧದಷ್ಟು, ಪ್ರಯಾಣದ ಅತ್ಯಲ್ಪ ಭಾಗವಾದ ಕೊನೆಯ ಇಳಿತದಲ್ಲಿಯೇ ಸಂಭವಿಸುತ್ತವೆ. ೧೯೯೦ರ ಫೆಬ್ರವರಿ ೧೪ರಂದು ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್ ವಿಮಾನವು ಬೆಂಗಳೂರಿನ ಓಡುದಾರಿಯನ್ನು ಮುಟ್ಟದೆ ಅದರ ಹೊರಗಣ ಗಾಲ್ಫ್ ಮೈದಾನದಲ್ಲಿ ನೆಲಕ್ಕಪ್ಪಳಿಸಿ, ಒಳಗಿದ್ದ ೧೪೬ ಮಂದಿಯಲ್ಲಿ ೯೨ ಮಂದಿ ಮಡಿದರು. ೨೦೧೦ರ ಮೇ ೨೨ರ ಬೆಳಗ್ಗೆ ದುಬೈಯಿಂದ ಮಂಗಳೂರಿಗೆ ಬಂದ ವಿಮಾನದ ಕಥೆ ಇನ್ನೂ ದಾರುಣವಾದುದು. ಅದರ ಗಾಲಿಗಳು ನೆಲವನ್ನು ಮುಟ್ಟಿದ್ದುವು. ಗುಡ್ಡದ ನೆತ್ತಿಯನ್ನು ಸಮಮಾಡಿ ರಚಿಸಿದ ಆ ಓಡುದಾರಿಯ ಅರ್ಧಕ್ಕಿಂತ ಹೆಚ್ಚು ಭಾಗ ಕಳೆದ ಮೇಲೆ ಮುಟ್ಟಿದುವು. ನಿಲ್ಲಲು ಎಡೆ ಸಾಲದೆ ವಿಮಾನವು ಕಣಿವೆಗೆ ಉರುಳಿತು. ೧೫೮ ಮಂದಿ ತೀರಿಕೊಂಡರು, ಉಳಿದವರು ಎಂಟೇ ಮಂದಿ. ಸತ್ತವರಲ್ಲಿ ಬಹುಮಂದಿ ಕರಾವಳಿ ಕಾಸರಗೋಡು ಸೀಮೆಗಳವರು, ದುಡಿದು ಮನೆಗೆ ಬರುತ್ತಿದ್ದವರು. ಇದನ್ನು ಬಲ್ಲವರು ಗಾಲಿ ತಾಗಿದ ಕೂಡಲೆ ಅಲ್ಲ, ವೇಗವು ತಗ್ಗಿ ವಿಮಾನವು ಮೆಲ್ಲನೆ ತಿರುಗಿದ ಮೇಲೆ ಕೈ ತಟ್ಟುವುದು ವಿಹಿತವೆಂದಾರು. ಆದರೆ ಚಪ್ಪಾಳೆ ತಟ್ಟುವವರನ್ನು ನೋಡಿ ನಗುವುದಕ್ಕೆ ಕಾರಣವನ್ನು ಮಾತ್ರ ಕಾಣಲಾರರು.

ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥರು ೨೦೦೩ರಲ್ಲಿ ಏರ್ ಡೆಕ್ಕನ್ ಸಂಸ್ಥೆಯನ್ನು ನಡೆಸತೊಡಗಿ, ಹುಬ್ಬಳ್ಳಿಯಂಥ ಊರುಗಳಿಗೆ ಸಣ್ಣ ವಿಮಾನಗಳನ್ನು ಹಾರಿಸಿ, ಕೆಲವು ಟಿಕೆಟುಗಳನ್ನು ಒಂದು ರೂಪಾಯಿಗೂ ಮಾರಿದಾಗ, ವಿಮಾನದ ಒಳಗಣ ಜನರೇ ಬದಲಾದರು. ಮೈಸೂರಿನವರಾದ ಆರ್. ಕೆ. ಲಕ್ಷ್ಮಣರು ಬರೆದ ಚೌಕುಳಿ ಕೋಟಿನ ‘ಶ್ರೀಸಾಮಾನ್ಯ’ನ ಚಿತ್ರವನ್ನೇ ಆ ಸಂಸ್ಥೆಯು ಗುರುತಾಗಿ ಇಟ್ಟುಕೊಂಡಿದ್ದಿತು. ಆ ಸಂಸ್ಥೆಯು ಕೆಲವೇ ವರ್ಷಗಳಲ್ಲಿ ಮತ್ತೊಂದರಲ್ಲಿ ಲೀನವಾಯಿತಾದರೂ, ಅದು ತೆರೆದ ಬಾಗಿಲು ಮುಚ್ಚಲಿಲ್ಲ. ಶಿವಮೊಗ್ಗದ ಸೋಗಾನೆಯಲ್ಲಿ ೨೦೨೩ರ ಫೆಬ್ರವರಿ ೨೭ರಂದು ವಿಮಾನನಿಲ್ದಾಣದ ಉದ್ಘಾಟನೆಯಾಗಿ, ಅದೇ ವರ್ಷದ ಆಗಸ್ಟ್ ೩೧ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕರ ವಿಮಾನವು ಬಂದಿಳಿಯಿತು. ದಾವಣಗೆರೆಗೆ ಸ್ವಂತ ನಿಲ್ದಾಣವಿಲ್ಲ; ಇಲ್ಲಿಯವರು ಶಿವಮೊಗ್ಗಕ್ಕೋ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಿ ಏರುತ್ತಾರೆ, ಅಲ್ಲಿಯೇ ಇಳಿದು ಬರುತ್ತಾರೆ. ಮಗನ ಮನೆಗೆಂದು ಅಮೆರಿಕೆಗೆ ಹೋಗಿಬರುವ ತಾಯಿತಂದೆಗಳೂ ಕಾಶಿಗೆ ಹೋಗುವ ಗುಂಪುಗಳೂ ಮೊದಲ ಸಲ ಮುಗಿಲಿಗೇರುವುದು ಹೀಗೆಯೇ. ನಾಲ್ಕನೆಯ ಸಲಕ್ಕೆ ಇವರ ಕೈಗಳೂ ಸುಮ್ಮನಾಗುತ್ತವೆ. ಸುಮ್ಮನಾದುದನ್ನು ನಾಗರಿಕತೆಯೆಂದು ತಿಳಿಯುವುದು ಬೇಡ. ಅದು ಬರಿಯ ಅಭ್ಯಾಸ. ಚಾಲಕನು ನಾಲ್ಕನೆಯ ಸಲವೂ ಮೊದಲ ಸಲದಷ್ಟೇ ಎಚ್ಚರದಿಂದ ಇಳಿಸಿರುತ್ತಾನೆ.

ಹುಬ್ಬಳ್ಳಿಯಲ್ಲಿ ಇಳಿದವರು ರೈಲು ಹಿಡಿದರೆ ಹಾವೇರಿ, ರಾಣೇಬೆನ್ನೂರು ಕಳೆದು ಕುಮಾರಪಟ್ಟಣದ ಕಾರ್ಖಾನೆಗಳ ಹೊಗೆಗೊಳವೆಗಳನ್ನು ದಾಟುತ್ತಲೇ ತುಂಗಭದ್ರೆ. ಸೇತುವೆಯ ಮೇಲೆ ಗಾಡಿಯ ಸದ್ದು ಒಮ್ಮೆ ಬದಲಾಗುತ್ತದೆ. ಕಿಟಕಿಯ ಬಳಿಯ ಮುದುಕಿ ಸೆರಗಿನ ಗಂಟನ್ನು ಬಿಚ್ಚಿ ಕಾಸನ್ನು ಹುಡುಕುವಷ್ಟರಲ್ಲಿ ಹರಿಹರದ ನಿಲ್ದಾಣ ಬಂದಿರುತ್ತದೆ.